ಸಣ್ಣ ಕಾರಿಗೆ ಬ್ಲೂಟೂತ್: ಸ್ಕ್ರೀನ್ ಆಮೇಲೆ, ಮೊದಲು ಮೈಕ್ ನೋಡಿ

ಆಲ್ಟೊ ಕೆ10, ಎಸ್-ಪ್ರೆಸ್ಸೊ, ಕ್ವಿಡ್, ಟಿಯಾಗೊ. ಈ ಸಾಲಿನ ಕಾರು ನೋಡೋಕೆ ಶೋರೂಮಿಗೆ ಹೋದರೆ ಸೇಲ್ಸ್‌ನವರು ಮೊದಲು ಕೈ ತೋರಿಸುವುದು ಡ್ಯಾಶ್‌ಬೋರ್ಡಿನ ನಡುವಿನ ಸ್ಕ್ರೀನಿಗೆ. ಏಳಿಂಚು, ಟಚ್, ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಕೊನೆಯ ಎರಡು, ಫೋನಿನ ಮ್ಯಾಪ್, ಹಾಡು ಎಲ್ಲ ಕಾರಿನ ಸ್ಕ್ರೀನಿನಲ್ಲಿ ತೋರಿಸುವ ಏರ್ಪಾಡುಗಳು. ಕಾರು ಓಡುವಾಗ ನೀವು ಆಡಿದ ಮಾತು ಆ ಕಡೆಯವರಿಗೆ ಕೇಳಿಸುತ್ತದಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ನಿಂತ ಕಾರಿನಲ್ಲಿ, ಎಸಿ ಆಫ್ ಇರುವಾಗ, ಎಲ್ಲ ಮೈಕೂ ಒಳ್ಳೆಯ ಮೈಕೇ.

ಸಣ್ಣ ಕಾರಿಗೆ ಬ್ಲೂಟೂತ್ ಆರಿಸುವಾಗ ನಾನು ನೋಡುವುದು ಎರಡೇ. ಒಂದು, ಮೈಕ್ ಎಲ್ಲಿದೆ. ಎರಡು, ಕೀ ತಿರುಗಿಸಿದ ಮೇಲೆ ನಾನು ಏನೂ ಮುಟ್ಟದೆ ಫೋನ್ ತಾನಾಗಿ ಸೇರಿಕೊಳ್ಳುತ್ತದಾ. ಎಷ್ಟಿಂಚು, ಎಷ್ಟು ವಾಟ್, ಯಾವ ವರ್ಷನ್ ಅನ್ನುವುದೆಲ್ಲ ಆಮೇಲೆ. ಐನೂರು ರೂಪಾಯಿಯ ಎಫ್‌ಎಂ ಟ್ರಾನ್ಸ್‌ಮಿಟರಿನಿಂದ ಹಿಡಿದು ಕಂಪನಿಯೇ ಕೂರಿಸಿ ಕೊಡುವ ಟಚ್‌ಸ್ಕ್ರೀನಿನವರೆಗೆ ಎಲ್ಲವನ್ನೂ ಈ ಎರಡು ಪ್ರಶ್ನೆ ಇಟ್ಟುಕೊಂಡೇ ನೋಡೋಣ. ಇಲ್ಲಿ ಹೇಳಿರುವ ಬೆಲೆಗಳು ಅಂದಾಜಿನವು. ಆನ್‌ಲೈನಿಗೂ ಅಂಗಡಿಗೂ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಹಾಡಿನ ದಾರಿ ಬೇರೆ, ಮಾತಿನ ದಾರಿ ಬೇರೆ

ಬ್ಲೂಟೂತ್ ಕನೆಕ್ಟ್ ಆಯಿತು ಅಂದರೆ ಎಲ್ಲವೂ ಆಯಿತು ಅಂದುಕೊಳ್ಳುತ್ತೇವೆ. ಒಳಗೆ ಅದು ಒಂದೇ ಸಂಪರ್ಕ ಅಲ್ಲ. ಹಾಡಿಗೆ ಇರುವ ಏರ್ಪಾಡಿನ ಹೆಸರು ಎ2ಡಿಪಿ. ಅದು ಫೋನಿನಿಂದ ಕಾರಿಗೆ ಒಂದೇ ಕಡೆ ಹೋಗುತ್ತದೆ, ಸ್ಟೀರಿಯೋ ಆಗಿರುತ್ತದೆ, ಸದ್ದು ಚೆನ್ನಾಗಿರುತ್ತದೆ. ಕರೆಗೆ ಇರುವುದು ಎಚ್‌ಎಫ್‌ಪಿ. ಇಲ್ಲಿ ಮಾತು ಹೋಗಲೂಬೇಕು, ಬರಲೂಬೇಕು. ಹಳೆಯ ಮತ್ತು ಅಗ್ಗದ ಸಾಧನಗಳಲ್ಲಿ ಸೆಕೆಂಡಿಗೆ ಧ್ವನಿಯ 8,000 ಸ್ಯಾಂಪಲ್, ಅಂದರೆ ತುಣುಕು, ಮಾತ್ರ ಹೋಗುತ್ತವೆ, ಸ್ವಲ್ಪ ಹೊಸತಾದವುಗಳಲ್ಲಿ 16,000. ಸಿಡಿಯಲ್ಲಿರುವ ಹಾಡಿಗೆ ಇದೇ ಲೆಕ್ಕ 44,100. ಹಾಡು ಜೋರಾಗಿ ಬರುತ್ತಿರುವಾಗ ಕರೆ ಬಂದರೆ ಸದ್ದು ಇದ್ದಕ್ಕಿದ್ದಂತೆ ಹಳೆಯ ಲ್ಯಾಂಡ್‌ಲೈನಿನ ಹಾಗೆ ಆಗುವುದು ಇದಕ್ಕೇ. ಡೆಕ್ (ಕಾರಿನ ಸ್ಟೀರಿಯೋ) ಕೆಟ್ಟಿಲ್ಲ, ದಾರಿ ಬದಲಾಗಿದೆ ಅಷ್ಟೇ.

ಇನ್ನೂ ಎರಡು ಏರ್ಪಾಡುಗಳಿವೆ. ಒಂದು ಹಾಡಿನ ಹೆಸರು ತೋರಿಸಿ ಮುಂದಿನ ಹಾಡಿಗೆ ಹೋಗಲು, ಇನ್ನೊಂದು ನಿಮ್ಮ ಫೋನ್‌ಬುಕ್ಕಿನ ಹೆಸರುಗಳನ್ನು ಕಾರಿಗೆ ತರಲು. ಅಗ್ಗದ ಸಾಧನಗಳಲ್ಲಿ ಈ ನಾಲ್ಕರಲ್ಲಿ ಯಾವುದೋ ಒಂದು ಇರುವುದೇ ಇಲ್ಲ. ಹಾಡು ಬರುತ್ತದೆ, ಕರೆ ಬರುವುದಿಲ್ಲ. ಅಥವಾ ಕರೆ ಬರುತ್ತದೆ, ಯಾರದ್ದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ‘ಬ್ಲೂಟೂತ್ ಇದೆಯಾ?’ ಅಂತ ಕೇಳಿದರೆ ಸಾಲದು. ಕರೆ ಬರುತ್ತದಾ, ಹೆಸರು ಕಾಣುತ್ತದಾ, ಮೈಕ್ ಎಲ್ಲಿದೆ ಅಂತ ಬಿಡಿಬಿಡಿಯಾಗಿ ಕೇಳಬೇಕು.

ಡಬ್ಬದ ಮೇಲೆ ‘ಬ್ಲೂಟೂತ್ 5.3’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಲ್ವಾ, ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. 5ರ ನಂತರದ ವರ್ಷನ್‌ಗಳಲ್ಲಿ ಸುದ್ದಿಯಾದ ಹೆಚ್ಚಿನ ವೇಗ, ಹೆಚ್ಚಿನ ದೂರ ಎಲ್ಲ ಲೋ ಎನರ್ಜಿ ಅನ್ನುವ ಇನ್ನೊಂದು ಬಗೆಯ ಸಂಪರ್ಕಕ್ಕೆ ಸೇರಿದ್ದು. ಕಾರಿನಲ್ಲಿ ನಾವು ಬಳಸುವ ಹಾಡು ಮತ್ತು ಕರೆ ಈಗಲೂ ಹಳೆಯ ಕ್ಲಾಸಿಕ್ ಬ್ಲೂಟೂತಿನ ಮೇಲೇ ಓಡುತ್ತವೆ. ಕೋಡೆಕ್, ಅಂದರೆ ಹಾಡನ್ನು ಕಿರಿದು ಮಾಡಿ ಕಳಿಸುವ ವಿಧಾನದ ವಿಚಾರವೂ ಅಷ್ಟೇ. ಮುಂದಿನ ಎರಡು ಬಾಗಿಲಲ್ಲಿ ಎರಡು ಪೇಪರ್ ಕೋನ್ ಸ್ಪೀಕರ್ ಇರುವ, ಮೂರು ಸಿಲಿಂಡರ್ ಎಂಜಿನ್ನಿನ ಕಾರಿನಲ್ಲಿ ಎಸ್‌ಬಿಸಿಗೂ ಎಎಸಿಗೂ ಇರುವ ವ್ಯತ್ಯಾಸ ಕಂಡುಹಿಡಿಯುವವರ ಕಿವಿಗೆ ನಮಸ್ಕಾರ.

ಎಫ್‌ಎಂ ಟ್ರಾನ್ಸ್‌ಮಿಟರ್: ಅಗ್ಗ, ಆದರೆ ಊರು ನೋಡಿ ಕೊಳ್ಳಬೇಕು

ಸಿಗರೇಟ್ ಲೈಟರಿನ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಸಾಧನ. ಸುಮಾರು 500ರಿಂದ 1,500 ರೂಪಾಯಿ. ಫೋನಿನಿಂದ ಬ್ಲೂಟೂತಿನಲ್ಲಿ ಹಾಡು ತೆಗೆದುಕೊಂಡು, ಅದನ್ನೊಂದು ಪುಟ್ಟ ರೇಡಿಯೋ ಸ್ಟೇಷನ್ನಿನ ಹಾಗೆ ಪ್ರಸಾರ ಮಾಡುತ್ತದೆ. ಕಾರಿನ ರೇಡಿಯೋವನ್ನು ಅದೇ ಫ್ರೀಕ್ವೆನ್ಸಿಗೆ ಇಟ್ಟರೆ ಹಾಡು ಕೇಳಿಸುತ್ತದೆ. ವೈರ್ ಬೇಡ, ಅಂಗಡಿ ಬೇಡ, ಏನನ್ನೂ ಬಿಚ್ಚಬೇಕಿಲ್ಲ. ಜೊತೆಗೆ ಫೋನ್ ಚಾರ್ಜ್ ಆಗುತ್ತದೆ. ಬಾಡಿಗೆ ಕಾರು ಓಡಿಸುವವರಿಗೆ, ಇನ್ನೊಬ್ಬರ ಕಾರು ತಂದವರಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ.

ತೊಂದರೆ ಇರುವುದು ಗಾಳಿಯಲ್ಲಿ. ನಮ್ಮಲ್ಲಿ ಎಫ್‌ಎಂ ಬ್ಯಾಂಡ್ 88ರಿಂದ 108 ಮೆಗಾಹರ್ಟ್ಸ್. ಬೆಂಗಳೂರಿನಲ್ಲಿ 91.1ರಲ್ಲಿ ರೇಡಿಯೋ ಸಿಟಿ, 91.9ರಲ್ಲಿ ಇಂಡಿಗೊ, 92.7ರಲ್ಲಿ ಬಿಗ್, 93.5ರಲ್ಲಿ ರೆಡ್, 98.3ರಲ್ಲಿ ಮಿರ್ಚಿ, 101.3ರಲ್ಲಿ ಆಕಾಶವಾಣಿಯ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ. ಇವುಗಳ ನಡುವೆ ಖಾಲಿ ಜಾಗ ಹುಡುಕಿ ಟ್ರಾನ್ಸ್‌ಮಿಟರ್ ಇಡಬೇಕು. ಮಲ್ಲೇಶ್ವರದಲ್ಲಿ ಚೆನ್ನಾಗಿದ್ದ ಜಾಗ ಕೆಂಗೇರಿ ದಾಟುವಷ್ಟರಲ್ಲಿ ಗೊರಗೊರ ಅನ್ನಬಹುದು. ನೂರರ ಆಸುಪಾಸಿನಲ್ಲಿ ಒಂದು ಜಾಗ ಹಿಡಿದು ಹೊರಟಿರಿ ಅನ್ನಿ, ಮೈಸೂರು ಹತ್ತಿರವಾದಂತೆ 100.6ರಲ್ಲಿ ಅಲ್ಲಿನ ಆಕಾಶವಾಣಿ ಎದ್ದು ಬರುತ್ತದೆ. ಆಗ ಓಡುವ ಕಾರಿನಲ್ಲಿ ಎರಡೂ ಕಡೆ ಫ್ರೀಕ್ವೆನ್ಸಿ ಬದಲಿಸಬೇಕು, ಟ್ರಾನ್ಸ್‌ಮಿಟರಿನಲ್ಲೊಮ್ಮೆ, ರೇಡಿಯೋದಲ್ಲೊಮ್ಮೆ. ಇದೇ ಸಾಧನ ಸ್ಟೇಷನ್‌ಗಳು ಕಡಿಮೆ ಇರುವ ತಾಲ್ಲೂಕು ಕೇಂದ್ರಗಳಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಊರು ನೋಡಿ ಕೊಳ್ಳಬೇಕಾದ ಸಾಮಾನು ಇದು.

ಇನ್ನು ಮೈಕ್. ಅದು ಟ್ರಾನ್ಸ್‌ಮಿಟರಿನ ಮೈಮೇಲೇ ಇರುತ್ತದೆ, ಅಂದರೆ ಗೇರ್ ಹತ್ತಿರ, ಮೊಣಕಾಲಿನ ಮಟ್ಟದಲ್ಲಿ. ಬಾಯಿಯಿಂದ ದೂರ, ಬ್ಲೋಯರಿಗೂ ಗೇರ್‌ಬಾಕ್ಸಿಗೂ ಹತ್ತಿರ. ಸಿಗ್ನಲ್‌ನಲ್ಲಿ ನಿಂತಾಗ ಮಾತಾಡಬಹುದು. ಅರವತ್ತರ ವೇಗದಲ್ಲಿ ಆ ಕಡೆಯವರು ‘ಹಲೋ, ಹಲೋ’ ಅನ್ನುತ್ತಲೇ ಇರುತ್ತಾರೆ. ಹಾಡಿಗೆ ಮಾತ್ರ ಬೇಕು ಅನ್ನುವವರು ತಗೊಳ್ಳಿ. ಕರೆಗೆ ಅಂತಾದರೆ ನಾನು ಬೇಡ ಅನ್ನುತ್ತೇನೆ. ಒಂದು ಮಾತು: ಇದಕ್ಕೆ ಕಾರಿನಲ್ಲಿ ರೇಡಿಯೋ ಇರಲೇಬೇಕು. ಮ್ಯೂಸಿಕ್ ಸಿಸ್ಟಮ್ಮೇ ಇಲ್ಲದ ಬೇಸ್ ಮಾಡೆಲ್ಲಿಗೆ ಇದನ್ನು ತಂದರೆ ಅದು ಬರೀ ಚಾರ್ಜರ್.

ಆಕ್ಸ್ ರಿಸೀವರ್

ಡೆಕ್ಕಿನ ಮುಖದಲ್ಲಿ 3.5 ಮಿಲಿಮೀಟರಿನ, ಹೆಡ್‌ಫೋನ್ ಪಿನ್ ಕೂರುವಂಥ ಆಕ್ಸ್ ತೂತು ಇದ್ದರೆ ಟ್ರಾನ್ಸ್‌ಮಿಟರಿಗಿಂತ ಇದೇ ವಾಸಿ. 300ರಿಂದ 1,000 ರೂಪಾಯಿಯ ಪುಟ್ಟ ರಿಸೀವರನ್ನು ಆಕ್ಸಿಗೆ ಸೇರಿಸಿದರೆ ಮುಗಿಯಿತು. ನಡುವೆ ರೇಡಿಯೋ ಇಲ್ಲದ್ದರಿಂದ ಸದ್ದು ಶುದ್ಧ. ಹಲವರಿಗೆ ಒಂದು ಗೊಂದಲ ಇರುತ್ತದೆ: ಕೆಲವು ರಿಸೀವರಿಗೆ ಯುಎಸ್‌ಬಿ ಮೂತಿಯೂ ಇರುತ್ತದೆ, ಅದನ್ನು ಡೆಕ್ಕಿನ ಯುಎಸ್‌ಬಿಗೆ ಹಾಕಿ ಹಾಡು ಬರಲಿಲ್ಲ ಅನ್ನುತ್ತಾರೆ. ಅದು ಕರೆಂಟಿಗೆ ಮಾತ್ರ. ಹಾಡು ಆಕ್ಸ್ ವೈರಿನಲ್ಲೇ ಹೋಗಬೇಕು.

ಇದರ ಕಾಟ ಬೇರೆ. ರಿಸೀವರಿಗೂ ಕಾರಿನ ಸಾಕೆಟ್ಟಿನಿಂದಲೇ ಕರೆಂಟ್ ಕೊಟ್ಟು, ಸದ್ದನ್ನೂ ಅದೇ ಕಾರಿನ ಡೆಕ್ಕಿಗೆ ಕೊಟ್ಟರೆ ಸ್ಪೀಕರಿನಲ್ಲಿ ‘ಕುಯ್ಯ್’ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಆ ಸದ್ದೂ ಏರುತ್ತದೆ. ಎರಡು ದಾರಿಯಲ್ಲಿ ಅರ್ತ್ ಸೇರಿ ಒಂದು ಸುತ್ತು ಆಗಿಬಿಡುವುದರಿಂದ ಹೀಗೆ. ಅದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಸಣ್ಣ ಡಬ್ಬಿ ಸಿಗುತ್ತದೆ, ಆಕ್ಸ್ ವೈರಿನ ನಡುವೆ ಹಾಕಿದರೆ ಸದ್ದು ಹೋಗುತ್ತದೆ. ಇಲ್ಲದಿದ್ದರೆ ಸ್ವಂತ ಬ್ಯಾಟರಿ ಇರುವ ರಿಸೀವರ್ ತಂದು, ಚಾರ್ಜಿಗೆ ಹಾಕದೆ ಬಳಸಬೇಕು. ಆದರೆ ಆಗ ನನ್ನ ಎರಡನೆಯ ಪ್ರಶ್ನೆಯಲ್ಲಿ ಫೇಲ್ ಆಗುತ್ತದೆ. ಪ್ರತಿ ಸಲ ಕಾರು ಹತ್ತಿದಾಗ ಅದರ ಬಟನ್ ಒತ್ತಿ ಆನ್ ಮಾಡಬೇಕು, ರಾತ್ರಿ ಮನೆಗೆ ತಂದು ಚಾರ್ಜ್ ಮಾಡಬೇಕು. ಒಂದು ತಿಂಗಳು ಮಾಡುತ್ತೇವೆ, ಆಮೇಲೆ ಅದು ಗ್ಲೋವ್ ಬಾಕ್ಸಿನಲ್ಲಿ ಮಲಗುತ್ತದೆ.

ಮೈಕ್ ರಿಸೀವರಿನ ಮೇಲೇ ಇರುತ್ತದೆ. ವೈರ್ ಉದ್ದ ಇದ್ದರೆ ಅದನ್ನು ಸ್ಟೀರಿಂಗಿನ ಹಿಂದೆ, ಮೀಟರಿನ ಪಕ್ಕ ಅಂಟಿಸಬಹುದು. ಅಷ್ಟು ಮಾಡಿದರೆ ಕರೆಯೂ ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬರುತ್ತದೆ. ಹಳೆಯ ಕಾರು, ಆಕ್ಸ್ ಇದೆ, ಇನ್ನೆರಡು ವರ್ಷದಲ್ಲಿ ಮಾರುವ ಯೋಚನೆ ಇದೆ ಅನ್ನುವವರಿಗೆ ಇದು ಸಾಕು.

ವೈಸರ್ ಸ್ಪೀಕರ್

ಇದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಬಿಸಿಲಿಗೆ ಅಡ್ಡ ಇಳಿಸುವ ವೈಸರಿಗೆ ಕ್ಲಿಪ್ ಮಾಡುವ ಸ್ಪೀಕರ್‌ಫೋನ್. ಹಾಡಿಗೆ ಅಲ್ಲ, ಕರೆಗೆಂದೇ ಮಾಡಿದ್ದು. ಮೈಕ್ ಬಾಯಿಯಿಂದ ಒಂದೆರಡು ಗೇಣು ದೂರದಲ್ಲಿ, ಮುಖಕ್ಕೆ ಎದುರಾಗಿ ಇರುತ್ತದೆ. ಕಾರಿನಲ್ಲಿ ಸ್ಟೀರಿಯೋ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಬೇಸ್ ಮಾಡೆಲ್ ಓಡಿಸುವ, ದಿನಕ್ಕೆ ಹತ್ತಾರು ಕರೆ ಬರುವ ಮೆಡಿಕಲ್ ರೆಪ್‌ಗೋ ಕಂಟ್ರಾಕ್ಟರಿಗೋ ಇದನ್ನೇ ಮೊದಲು ಹೇಳುತ್ತೇನೆ. ಹೆಸರಾಂತ ಬ್ರ್ಯಾಂಡಿನದ್ದಾದರೆ ಬೆಲೆ ಜಾಸ್ತಿ. ಬಿಸಿಲಲ್ಲಿ ನಿಲ್ಲಿಸುವ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಅದರೊಳಗಿನ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ.

ಡೆಕ್ ಬದಲಿಸುವುದು: ನನ್ನ ಓಟು ಇದಕ್ಕೆ

ಕಾರಿನ ಸ್ಟೀರಿಯೋ ಕೂರುವ ಜಾಗಕ್ಕೆ ಎರಡು ಅಳತೆ ಇದೆ. ಸಿಂಗಲ್ ಡಿನ್ ಅಂದರೆ ಸುಮಾರು 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಅಂದರೆ ಅಗಲ ಅಷ್ಟೇ, ಎತ್ತರ 100. ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ನೋಡಿಕೊಂಡೇ ಅಂಗಡಿಗೆ ಹೋಗಿ. ಡಬಲ್ ಡಿನ್ ಜಾಗಕ್ಕೆ ಸಿಂಗಲ್ ಡಿನ್ ಕೂರಿಸಬಹುದು, ಉಳಿದ ಜಾಗಕ್ಕೆ ಚಿಲ್ಲರೆ ಇಡುವ ಪಾಕೆಟ್ ಬರುತ್ತದೆ. ಅದಕ್ಕೊಂದು ಫ್ರೇಮ್ ಬೇಕು, ಕಾರಿನ ಮಾಡೆಲ್ಲಿಗೆ ತಕ್ಕ ಹಾಗೆ ಸಿಗುತ್ತದೆ.

ಪಯೋನಿಯರ್, ಸೋನಿ, ಜೆವಿಸಿ, ಕೆನ್‌ವುಡ್‌ನಂಥ ಹೆಸರುಳ್ಳ ಕಂಪನಿಯ ಬ್ಲೂಟೂತ್ ಇರುವ ಸಿಂಗಲ್ ಡಿನ್ ಡೆಕ್ ಸುಮಾರು 4,000ದಿಂದ 8,000 ರೂಪಾಯಿ. ಸಿಡಿ ಇಲ್ಲ, ಸ್ಕ್ರೀನ್ ಇಲ್ಲ, ಒಂದು ಸಾಲಿನ ಡಿಸ್‌ಪ್ಲೇ. ನೋಡೋಕೆ ಏನೂ ಇಲ್ಲ. ಆದರೆ ಸದ್ದು ಏರಿಸಲು ದುಂಡನೆಯ ನಾಬ್ ಇದೆ. ನಮ್ಮ ರಸ್ತೆಯ ಗುಂಡಿಗಳ ಮೇಲೆ ಟಚ್‌ಸ್ಕ್ರೀನಿನ ಸಣ್ಣ ‘ಪ್ಲಸ್’ ಗುರುತಿಗೆ ಬೆರಳಿಡಲು ಹೋದವರಿಗೆ ನಾಬಿನ ಬೆಲೆ ಗೊತ್ತು. ಕೀ ತಿರುಗಿಸಿದ ಕೆಲವೇ ಸೆಕೆಂಡಿನಲ್ಲಿ ಫೋನ್ ಸೇರಿಕೊಳ್ಳುತ್ತದೆ. ಕರೆ ಬಂದರೆ ಒಂದು ದೊಡ್ಡ ಬಟನ್, ಅಷ್ಟೇ.

ಇಲ್ಲೂ ಮೈಕ್ ನೋಡಬೇಕು. ಕೆಲವು ಡೆಕ್ಕಿನಲ್ಲಿ ಮೈಕ್ ಮುಖದೊಳಗೇ ಇರುತ್ತದೆ, ಸೂಜಿ ತೂತಿನ ಹಾಗೆ ಕಾಣುತ್ತದೆ. ಇನ್ನು ಕೆಲವಕ್ಕೆ ವೈರಿನ ಬೇರೆ ಮೈಕ್ ಕೊಡುತ್ತಾರೆ, ಅಥವಾ ಅದಕ್ಕೆ ಹಿಂದೆ ತೂತು ಇರುತ್ತದೆ. ಬೇರೆ ಮೈಕ್ ಇರುವುದನ್ನೇ ಆರಿಸಿ. ಐನೂರು, ಸಾವಿರ ಜಾಸ್ತಿ ಆದರೂ ಆಗಲಿ. ಅದನ್ನು ಮುಂದಿನ ಗಾಜಿನ ಬಲಗಡೆಯ ಕಂಬದ ಮೇಲೋ ಸ್ಟೀರಿಂಗ್ ಕಾಲಂ ಮೇಲೋ ಕೂರಿಸಲು ಹೇಳಿ. ಎಸಿ ಗಾಳಿ ನೇರ ಬಡಿಯುವ ಕಡೆ ಬೇಡ. ಅಂಗಡಿ ಹುಡುಗರು ಬೇಗ ಮುಗಿಸುವ ಆತುರದಲ್ಲಿ ಮೈಕನ್ನು ಡ್ಯಾಶ್‌ಬೋರ್ಡಿನೊಳಗೇ ಬಿಟ್ಟು ಮುಚ್ಚುವುದುಂಟು. ಮುಂದೆ ನಿಂತು ಮಾಡಿಸಿ.

ವೈರಿಂಗ್ ಬಗ್ಗೆ ಇನ್ನೆರಡು ಮಾತು. ಈ ಕೆಲಸದಲ್ಲಿ ಹಾಳಾಗುವುದೆಲ್ಲ ಇಲ್ಲೇ. ಕಾರಿನ ವೈರ್ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ಮಾಡೆಲ್ಲಿಗೆ ತಕ್ಕ ಕಪ್ಲರ್ ಸಿಗುತ್ತದೆ, ಒಂದು ಕಡೆ ಕಾರಿನ ಸಾಕೆಟ್, ಇನ್ನೊಂದು ಕಡೆ ಡೆಕ್. ವೈರ್ ಕತ್ತರಿಸಿದ್ದು ಸರ್ವಿಸ್ ಸೆಂಟರಿಗೆ ಕಂಡರೆ ಎಲೆಕ್ಟ್ರಿಕಲ್ ವಾರಂಟಿ ವಿಚಾರದಲ್ಲಿ ತಕರಾರು ಶುರುವಾಗುತ್ತದೆ. ಡೆಕ್ಕಿಗೆ ಎರಡು ಕರೆಂಟ್ ವೈರ್ ಇರುತ್ತವೆ. ಹಳದಿಗೆ ಯಾವಾಗಲೂ ಬ್ಯಾಟರಿ ಸಿಗಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಎರಡನ್ನೂ ಬ್ಯಾಟರಿಗೆ ಕೊಟ್ಟರೆ ಒಂದು ವಾರ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದೇ ಇರಬಹುದು. ಎರಡನ್ನೂ ಕೀಗೆ ಕೊಟ್ಟರೆ ಕಾರು ಆಫ್ ಮಾಡಿದಾಗೆಲ್ಲ ಡೆಕ್ ಗಡಿಯಾರ, ಸ್ಟೇಷನ್, ಕೆಲವು ಸಲ ಪೇರ್ ಮಾಡಿದ ಫೋನನ್ನೂ ಮರೆಯುತ್ತದೆ. ‘ಬ್ಲೂಟೂತ್ ದಿನಾ ಹೊಸದಾಗಿ ಪೇರ್ ಮಾಡಬೇಕು ಸಾರ್’ ಅನ್ನುವ ದೂರು ಬಂದರೆ ಮೊದಲು ಈ ಹಳದಿ ವೈರ್ ನೋಡಿ.

ಬೆಂಗಳೂರಿನವರು ಇಂಥದ್ದಕ್ಕೆಲ್ಲ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಅಲ್ಲಿ ಚೌಕಾಸಿ ನಡೆಯುತ್ತದೆ, ಬಿಲ್ ಮಾತ್ರ ಕೇಳಿ ತೆಗೆದುಕೊಳ್ಳಿ. ಬಿಲ್ ಇಲ್ಲದ ಡೆಕ್ಕಿಗೆ ಕಂಪನಿ ವಾರಂಟಿ ಸಿಗುವುದು ಕಷ್ಟ. ಮುಖದ ಮೇಲೆ ‘50 ವಾಟ್ × 4’ ಅಂತ ಬರೆದಿರುವುದು ಒಂದು ಕ್ಷಣದ ಗರಿಷ್ಠ ಲೆಕ್ಕ. ಎಡಬಿಡದೆ ಕೊಡುವ ಶಕ್ತಿ ಅದರ ಅರ್ಧಕ್ಕಿಂತ ಕಡಿಮೆ. ಸಣ್ಣ ಕಾರಿಗೆ ಅಷ್ಟೇ ಧಾರಾಳ.

ಮ್ಯಾಪ್ ನೋಡಬೇಕಲ್ಲ ಅನ್ನುವಿರಿ. ಫೋನಿಗೊಂದು ಒಳ್ಳೆಯ ಸ್ಟ್ಯಾಂಡ್ ಹಾಕಿಕೊಳ್ಳಿ. ಫೋನಿನ ಸ್ಕ್ರೀನ್ ಬಿಸಿಲಲ್ಲೂ ಕಾಣುತ್ತದೆ, ಪ್ರತಿ ಸಲ ಫೋನ್ ಬದಲಿಸಿದಾಗ ಸ್ಕ್ರೀನೂ ಹೊಸದಾಗುತ್ತದೆ. ಒಳ್ಳೆಯ ಮೈಕಿನ ಸಾದಾ ಡೆಕ್, ಜೊತೆಗೊಂದು ಸ್ಟ್ಯಾಂಡ್: ಹತ್ತು ಸಾವಿರದೊಳಗೆ ಸಣ್ಣ ಕಾರಿಗೆ ಇದಕ್ಕಿಂತ ನೆಮ್ಮದಿಯದು ನನಗೆ ಕಂಡಿಲ್ಲ.

ಆಂಡ್ರಾಯ್ಡ್ ಸ್ಕ್ರೀನ್ ಅನ್ನುವ ಆಸೆ

ಒಂಬತ್ತಿಂಚಿನ ಹೆಸರಿಲ್ಲದ ಆಂಡ್ರಾಯ್ಡ್ ಸ್ಟೀರಿಯೋ ಈಗ ಐದಾರು ಸಾವಿರದಿಂದಲೇ ಶುರು. ಫ್ರೇಮ್, ಹಿಂಬದಿ ಕ್ಯಾಮೆರಾ ಎಲ್ಲ ಸೇರಿಸಿ ಕೊಡುತ್ತೇವೆ ಅನ್ನುತ್ತಾರೆ. ಕಾರಿನ ಒಳಗೆ ಒಂದು ಗೆಲುವು ಬರುವುದು ನಿಜ. ಆದರೆ ಇದು ಒಂದು ಅಗ್ಗದ ಟ್ಯಾಬ್. ಕೀ ತಿರುಗಿಸಿದ ಮೇಲೆ ಏಳಲು ಹೊತ್ತು ತೆಗೆದುಕೊಳ್ಳುತ್ತದೆ. ನೀವು ಗೇಟ್ ದಾಟಿ ಮುಖ್ಯರಸ್ತೆಗೆ ಬಂದ ಮೇಲೆ ಬ್ಲೂಟೂತ್ ಸೇರಿಕೊಂಡರೆ ಅದೃಷ್ಟ. ಸೆಟ್ಟಿಂಗ್ಸಿನಲ್ಲಿ ಕಾಣುವ ರ‍್ಯಾಮ್ ಎಷ್ಟೋ ಸಲ ಬರೆದಿಟ್ಟ ಸಂಖ್ಯೆ, ಒಳಗೆ ಅಷ್ಟು ಇರುವುದಿಲ್ಲ. ಮೈಕ್ ಸಾಮಾನ್ಯವಾಗಿ ಸ್ಕ್ರೀನಿನ ಅಂಚಿನಲ್ಲಿ, ಎಸಿ ಕಿಂಡಿಯ ಪಕ್ಕದಲ್ಲೇ. ಬೇರೆ ಮೈಕ್ ಹಾಕಲು ಹಿಂದೆ ವೈರ್ ಇರುತ್ತದೆ, ಕೇಳಿದರೆ ಹಾಕಿಕೊಡುತ್ತಾರೆ, ಕೇಳದಿದ್ದರೆ ಇಲ್ಲ.

ಹೆಸರುಳ್ಳ ಕಂಪನಿಯ ಸ್ಕ್ರೀನ್ ಬೇರೆ ಮಾತು. ಅವುಗಳಲ್ಲಿ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಸರಿಯಾಗಿ ಓಡುತ್ತವೆ, ಆದರೆ ಬೆಲೆ ಹದಿನೈದು ಸಾವಿರ ದಾಟುತ್ತದೆ. ಐದು ಲಕ್ಷದ ಕಾರಿಗೆ ಅಷ್ಟು ಹಾಕುವುದು ನಿಮ್ಮ ಇಷ್ಟ. ವೈರಿನ ಆಂಡ್ರಾಯ್ಡ್ ಆಟೋಗೆ ಒಳ್ಳೆಯ ಡೇಟಾ ಕೇಬಲ್ ಬೇಕು, ಚಾರ್ಜಿಂಗಿಗಷ್ಟೇ ಮಾಡಿದ ಕೇಬಲಿನಲ್ಲಿ ಅದು ಶುರುವಾಗುವುದಿಲ್ಲ. ವೈರಿಲ್ಲದ ಆಂಡ್ರಾಯ್ಡ್ ಆಟೋಗೆ ಫೋನಿನಲ್ಲಿ ಆಂಡ್ರಾಯ್ಡ್ 11 ಅಥವಾ ಹೊಸತು, ಜೊತೆಗೆ 5 ಗಿಗಾಹರ್ಟ್ಸ್ ವೈ-ಫೈ ಇರಬೇಕು. ಅಲ್ಲಿ ಬ್ಲೂಟೂತಿನ ಕೆಲಸ ಪರಿಚಯ ಮಾಡಿಸಿ ಕರೆ ನೋಡಿಕೊಳ್ಳುವುದು, ಉಳಿದ ಭಾರ ವೈ-ಫೈದು. ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ದೂರದ ದಾರಿಗೆ ಹೇಗೂ ಚಾರ್ಜಿಗೆ ಹಾಕಲೇಬೇಕು.

ಕಂಪನಿಯದೇ ತಗೊಳ್ಳೋದಾ?

ಹೊಸ ಕಾರು ಕೊಳ್ಳುವವರ ಪ್ರಶ್ನೆ ಇದು. 2022ರಲ್ಲಿ ಬಂದ ಆಲ್ಟೊ ಕೆ10 ನೋಡಿ. ಕೆಳಗಿನ ಎಲ್‌ಎಕ್ಸ್‌ಐಗೆ ಆಗ ಮ್ಯೂಸಿಕ್ ಸಿಸ್ಟಮ್ ಇರಲಿಲ್ಲ. ವಿಎಕ್ಸ್‌ಐಗೆ ಬ್ಲೂಟೂತ್ ಇರುವ ಸಾದಾ ಡೆಕ್. ವಿಎಕ್ಸ್‌ಐ ಪ್ಲಸ್‌ಗೆ ಏಳಿಂಚಿನ ಸ್ಕ್ರೀನ್, ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ. ಈ ಬಗೆಯ ಮೂರು ಮೆಟ್ಟಿಲು ಹೆಚ್ಚುಕಡಿಮೆ ಎಲ್ಲ ಸಣ್ಣ ಕಾರಿನಲ್ಲೂ ಇದೆ. ವೇರಿಯಂಟ್ ಪಟ್ಟಿಯನ್ನು ಕಂಪನಿಗಳು ಆಗಾಗ ಬದಲಿಸುತ್ತವೆ, ಹಾಗಾಗಿ ಬುಕ್ ಮಾಡುವ ದಿನದ ಬ್ರೋಷರ್ ಓದಿ.

ಬೇಸ್ ಮಾಡೆಲ್ ತಗೊಂಡು ಹೊರಗೆ ಸ್ಟೀರಿಯೋ ಹಾಕಿಸಿದರೆ ಉಳಿತಾಯ ಅನ್ನುವ ಲೆಕ್ಕ ಬಹಳ ಜನ ಹಾಕುತ್ತಾರೆ. ಆ ಲೆಕ್ಕಕ್ಕೆ ಡೆಕ್ಕಿನ ಬೆಲೆ ಒಂದೇ ಸೇರಿಸಿರುತ್ತಾರೆ. ಎಷ್ಟೋ ಬೇಸ್ ಮಾಡೆಲ್ಲಿನಲ್ಲಿ ಸ್ಪೀಕರ್ ಇರಲಿ, ಬಾಗಿಲಿಗೆ ಹೋಗುವ ವೈರೂ ಇರುವುದಿಲ್ಲ, ಆಂಟೆನಾ ಇರುವುದಿಲ್ಲ. ಡೆಕ್, ಸ್ಪೀಕರ್, ಫ್ರೇಮ್, ವೈರಿಂಗ್, ಆಂಟೆನಾ, ಕೂಲಿ ಎಲ್ಲ ಸೇರಿದರೆ ಹತ್ತು ಸಾವಿರ ದಾಟುವುದು ಕಷ್ಟವೇನಲ್ಲ. ಮೇಲಿನ ವೇರಿಯಂಟಿಗೆ ಜಾಸ್ತಿ ಕೊಡುವ ದುಡ್ಡಿಗೆ ಪವರ್ ವಿಂಡೋ, ಸೆಂಟ್ರಲ್ ಲಾಕಿಂಗಿನಂಥ ಬೇರೆ ಸೌಕರ್ಯವೂ ಬರುತ್ತದೆ. ಕಾರಿನಲ್ಲಿ ಹಾಡೂ ಕರೆಯೂ ಬೇಕೇಬೇಕು ಅನ್ನುವವರು ಒಂದು ಮೆಟ್ಟಿಲು ಮೇಲಿನ, ಸಾದಾ ಡೆಕ್ಕಿನ ವೇರಿಯಂಟ್ ತಗೊಳ್ಳಿ. ಸ್ಕ್ರೀನಿಗಾಗಿ ಮಾತ್ರ ಇನ್ನೊಂದು ಮೆಟ್ಟಿಲು ಹತ್ತುವುದು ನನಗಂತೂ ದುಬಾರಿ ಅನ್ನಿಸುತ್ತದೆ. ಅಲ್ಲಿ ಬೇರೆ ಸುರಕ್ಷತೆಯ ಸೌಕರ್ಯವೇನಾದರೂ ಸಿಗುವುದಾದರೆ ಮಾತು ಬೇರೆ.

ಕಂಪನಿ ಡೆಕ್ಕಿನ ದೊಡ್ಡ ಗುಣ ಅಂದರೆ ವೈರಿಂಗ್ ತಲೆನೋವು ಇಲ್ಲ. ಮೈಕ್ ಜಾಗವನ್ನು ಕಾರು ಮಾಡಿದವರೇ ನಿರ್ಧರಿಸಿರುತ್ತಾರೆ, ಸಾಮಾನ್ಯವಾಗಿ ತಲೆಯ ಮೇಲಿನ ದೀಪದ ಹತ್ತಿರ. ಸ್ಟೀರಿಂಗ್ ಮೇಲೆ ಬಟನ್ ಇದ್ದರೆ ಕರೆ ಎತ್ತಲು ಕೈ ಸರಿಸಬೇಕಿಲ್ಲ. ಹೊರಗಿನ ಡೆಕ್ ಹಾಕಿಸುವವರು ಇದನ್ನು ನೆನಪಿಡಿ: ಸ್ಟೀರಿಂಗಿನ ಬಟನ್ ಕೆಲಸ ಮಾಡಬೇಕಾದರೆ ಅದಕ್ಕೆ ತಕ್ಕ ಡೆಕ್ ಮತ್ತು ಅಡಾಪ್ಟರ್ ಬೇಕು, ಮೊದಲೇ ಹೇಳಿ ಹಾಕಿಸಿ.

ಅಂಗಡಿಯಲ್ಲೇ ನೋಡಬೇಕಾದ್ದು

ಯಾವುದೇ ಆಯ್ಕೆಯಾದರೂ ದುಡ್ಡು ಕೊಡುವ ಮುಂಚೆ ಹೀಗೆ ಮಾಡಿ. ಎಂಜಿನ್ ಆನ್ ಮಾಡಿ, ಎಸಿ ಬ್ಲೋಯರ್ ಮೂರಕ್ಕೆ ಇಡಿ, ಗಾಜು ಏರಿಸಿ. ಮನೆಯವರಿಗೆ ಫೋನ್ ಮಾಡಿ ಏನು ಕೇಳಿಸುತ್ತಿದೆ ಅಂತ ಅವರನ್ನೇ ಕೇಳಿ. ಅಂಗಡಿಯವನ ಸ್ನೇಹಿತನಿಗೆ ಅಲ್ಲ, ನಿಮ್ಮ ಮನೆಯವರಿಗೆ. ‘ಬಾವಿಯೊಳಗಿಂದ ಮಾತಾಡಿದ ಹಾಗಿದೆ’ ಅಂದರೆ ಮೈಕ್ ಜಾಗ ಬದಲಿಸಿ. ಹಾಗೇ ಅವರ ಮಾತೇ ಅವರಿಗೆ ತಿರುಗಿ ಕೇಳಿಸುತ್ತಿದೆಯಾ ಅಂತಲೂ ಕೇಳಿ. ಸ್ಪೀಕರಿನ ಸದ್ದು ಮೈಕಿಗೆ ಹೋದರೆ ಹಾಗಾಗುತ್ತದೆ, ಒಳ್ಳೆಯ ಡೆಕ್ ಅದನ್ನು ತಡೆಯುತ್ತದೆ. ಆಮೇಲೆ ಕಾರು ಆಫ್ ಮಾಡಿ, ಇಳಿದು, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಫೋನ್ ಜೇಬಿನಲ್ಲೇ ಇರಲಿ. ತಾನಾಗಿ ಸೇರಿಕೊಂಡರೆ ಪಾಸ್.

ಇನ್ನೊಂದು ನಮ್ಮದೇ ಪರೀಕ್ಷೆ. ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಸೇವ್ ಮಾಡಿಕೊಂಡಿದ್ದೀರಾ? ‘ಅತ್ತಿಗೆ’, ‘ಹಾಲಿನವರು’ ಅಂತ? ಒಂದು ಸಾಲಿನ ಡಿಸ್‌ಪ್ಲೇ ಇರುವ ಬಹಳಷ್ಟು ಡೆಕ್ಕುಗಳಲ್ಲಿ ಕನ್ನಡದ ಅಕ್ಷರವೇ ಇರುವುದಿಲ್ಲ. ಹೆಸರಿನ ಜಾಗದಲ್ಲಿ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಖಾಲಿಯೋ ಕಾಣುತ್ತದೆ. ಹಾಡಿನ ಹೆಸರಿಗೂ ಇದೇ ಗತಿ. ಆಂಡ್ರಾಯ್ಡ್ ಆಟೋ ಮತ್ತು ಕಾರ್‌ಪ್ಲೇಯಲ್ಲಿ ಚಿತ್ರ ಫೋನಿನಿಂದಲೇ ಬರುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಸ್ಕ್ರೀನಿನ ಪರವಾಗಿ ನಾನು ಒಪ್ಪುವ ಒಳ್ಳೆಯ ವಾದ ಇದೊಂದು. ಸಾದಾ ಡೆಕ್ ಇಟ್ಟುಕೊಂಡವರು ಆಗಾಗ ಕರೆ ಮಾಡುವ ಕೆಲವು ಜನರ ಹೆಸರನ್ನಾದರೂ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಬೇಸರದ ವಿಚಾರ, ಆದರೆ ಸದ್ಯಕ್ಕೆ ಹೀಗೇ.

ಹಾಕಿಸಿದ ಮೇಲೆ

ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳುತ್ತದೆ. ಆದರೆ ಡೆಕ್ಕಿನಲ್ಲಿ ರೇಡಿಯೋ ಹಾಕಿಕೊಂಡಿದ್ದರೆ ಬ್ಲೂಟೂತಿಗೆ ಹೋದ ಆ ಮಾತು ಎಲ್ಲೂ ಕೇಳಿಸುವುದಿಲ್ಲ, ನೀವು ತಿರುವು ದಾಟಿ ಹೋಗಿರುತ್ತೀರಿ. ಮ್ಯಾಪ್ಸಿನ ನ್ಯಾವಿಗೇಷನ್ ಸೆಟ್ಟಿಂಗ್ಸಿನಲ್ಲಿ ಬ್ಲೂಟೂತ್ ಮೂಲಕ ಧ್ವನಿ ಕಳಿಸುವುದನ್ನು ಆಫ್ ಮಾಡಿದರೆ ಮಾತು ಫೋನಿನ ಸ್ಪೀಕರಿನಿಂದಲೇ ಬರುತ್ತದೆ. ರೇಡಿಯೋ ಪ್ರಿಯರಿಗೆ ಇದೇ ಸರಿ. ಹಾಡು ನಿಂತಿರುವಾಗ ಮ್ಯಾಪ್ ಹೇಳುವ ಮೊದಲ ಪದ ನುಂಗಿ ಹೋಗುವುದೂ ಸಾಮಾನ್ಯ. ಹಾಡಿನ ದಾರಿ ತೆರೆದುಕೊಳ್ಳಲು ಒಂದು ಕ್ಷಣ ಬೇಕು, ಅಷ್ಟರಲ್ಲಿ ಮಾತು ಶುರುವಾಗಿರುತ್ತದೆ.

ಸದ್ದು ಸಣ್ಣದು ಅನ್ನಿಸಿದರೆ ಮೊದಲು ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು, ಆಮೇಲೆ ಡೆಕ್ಕಿನಲ್ಲಿ ಹೊಂದಿಸಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಬ್ಲೂಟೂತ್ ಫೋನಿನಲ್ಲಿರುವುದನ್ನು ಕಾರಿಗೆ ತರುತ್ತದೆಯೇ ಹೊರತು ನೆಟ್‌ವರ್ಕ್ ತರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಮನೆಯ ವೈ-ಫೈನಲ್ಲಿ ಹಾಡೂ ಮ್ಯಾಪೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಗಂಡ ಹೆಂಡತಿ ಇಬ್ಬರ ಫೋನೂ ಪೇರ್ ಆಗಿರುವ ಕಾರಿನಲ್ಲಿ ಯಾರ ಫೋನ್ ಮೊದಲು ಸೇರಿಕೊಳ್ಳಬೇಕು ಅನ್ನುವುದು ಒಂದು ಜಗಳ. ಹೆಚ್ಚಿನ ಡೆಕ್ಕುಗಳು ಕೊನೆಯ ಸಲ ಸೇರಿದ್ದ ಫೋನನ್ನೇ ಮೊದಲು ಹುಡುಕುತ್ತವೆ. ಕೆಲವದರಲ್ಲಿ ಆದ್ಯತೆ ಕೊಡುವ ಸೆಟ್ಟಿಂಗ್ ಇದೆ, ಕೆಲವದರಲ್ಲಿ ಒಂದು ಫೋನ್ ಕರೆಗೆ, ಇನ್ನೊಂದು ಹಾಡಿಗೆ ಅಂತ ಹಂಚಬಹುದು. ಮನೆಯಲ್ಲಿ ಎರಡು ಫೋನ್ ಇರುವವರು ಇದನ್ನು ಅಂಗಡಿಯಲ್ಲೇ ಕೇಳಿ.

ಕಾನೂನೂ ಗೊತ್ತಿರಲಿ. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಬಳಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ; 2019ರ ತಿದ್ದುಪಡಿ ಅದನ್ನು ಬಿಡಿಸಿ ಹೇಳಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಎರಡನ್ನೂ ಹಾಕಬಹುದು. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮ ದಾರಿ ನೋಡಲು ಮಾತ್ರ, ಅದೂ ಗಮನ ಕೆಡದ ಹಾಗೆ, ಫೋನ್ ಬಳಸಲು ಬಿಟ್ಟಿದೆ. ಬ್ಲೂಟೂತ್ ಇದೆ ಅಂತ ಉದ್ದದ ಮಾತು ಬೇಡ. ಕೈ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲ. ‘ಓಡಿಸ್ತಿದ್ದೀನಿ, ಆಮೇಲೆ ಮಾಡ್ತೀನಿ’ ಅನ್ನುವಷ್ಟಕ್ಕೆ ಈ ಸಾಧನ ಬಹಳ ಒಳ್ಳೆಯದು.

ಕಾರು ಮಾರುವಾಗ, ಸೆಲ್ಫ್ ಡ್ರೈವ್ ಕಾರು ವಾಪಸ್ ಕೊಡುವಾಗ ಡೆಕ್ಕಿನಿಂದ ನಿಮ್ಮ ಫೋನನ್ನು ಡಿಲೀಟ್ ಮಾಡಿ. ಡೆಕ್ ನಿಮ್ಮ ಫೋನ್‌ಬುಕ್ಕನ್ನೂ ಯಾರಿಗೆ ಕರೆ ಮಾಡಿದಿರಿ ಅನ್ನುವ ಪಟ್ಟಿಯನ್ನೂ ತನ್ನಲ್ಲೇ ಇಟ್ಟುಕೊಂಡಿರಬಹುದು. ಸೆಟ್ಟಿಂಗ್ಸಿನಲ್ಲಿ ಫ್ಯಾಕ್ಟರಿ ರೀಸೆಟ್ ಇದ್ದರೆ ಅದನ್ನೇ ಒತ್ತಿ. ಆಮೇಲೆ ನಿಮ್ಮ ಫೋನಿನ ಬ್ಲೂಟೂತ್ ಪಟ್ಟಿಯಿಂದಲೂ ಆ ಕಾರಿನ ಹೆಸರು ತೆಗೆದುಹಾಕಿ.